ಮೈಸೂರಿಗೂ ಒಂದು ಕಡಲಿತ್ತು: ಮಂಗಳೂರು ಬಂದರಿನ ಫೆರಿ ಪಯಣ

ಮೈಸೂರಿನ ಪೂರ್ವ ಭಾಗದ ಉದಯಗಿರಿಯಲ್ಲಿ ಇರುವವರು ಕಡಲು ನೋಡಬೇಕಾದರೆ ಪಡುವಣಕ್ಕೆ ಸುಮಾರು 250 ಕಿ.ಮೀ. ಹೋಗಬೇಕು. ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ ದಾಟಿ, ಮಡಿಕೇರಿ ಹತ್ತಿ, ಸಂಪಾಜೆ ಘಾಟಿ ಇಳಿದು, ಸುಳ್ಯ, ಪುತ್ತೂರು, ಮಾಣಿ ಹಿಂದೆ ಬಿಟ್ಟರೆ ಮಂಗಳೂರು. ಅಲ್ಲಿಂದ ಆಟೊ ಹತ್ತಿ ಹಳೆ ಬಂದರಿಗೆ ಬಂದರೆ ರಸ್ತೆ ಮುಗಿಯುತ್ತದೆ. ಮುಂದಿನದು ನೀರಿನ ದಾರಿ. ಒಂದು ದಾರಿ ಹೊಳೆಯ ಆಚೆ ದಡಕ್ಕೆ, ಕೆಲವೇ ನಿಮಿಷದ್ದು. ಇನ್ನೊಂದು ಅರಬ್ಬಿ ಸಮುದ್ರದ ನಡುವಿನ ದ್ವೀಪಗಳಿಗೆ, ಒಂದು ರಾತ್ರಿಯದ್ದು. ಆ ದ್ವೀಪಗಳಲ್ಲಿ ಕೆಲವು ಒಂದು ಕಾಲಕ್ಕೆ ಮೈಸೂರು ಸಂಸ್ಥಾನದ ಆಳ್ವಿಕೆಗೆ ಸೇರಿದ್ದವು ಎಂಬುದು ಮೈಸೂರಿನವರಿಗೇ ಹೆಚ್ಚಾಗಿ ಗೊತ್ತಿಲ್ಲ.

ಕಡವು, ಲಾಂಚ್, ಫೆರಿ

ಗೊತ್ತಾದ ಎರಡು ದಡಗಳ ನಡುವೆ ಜನರನ್ನೋ ವಾಹನವನ್ನೋ ಸಾಗಿಸುತ್ತ ಹೋಗಿ ಬರುವ ದೋಣಿ ಅಥವಾ ಹಡಗಿನ ಸೇವೆಯೇ ಫೆರಿ. ಹೊಳೆ ದಾಟುವ ಜಾಗಕ್ಕೆ ಕನ್ನಡದಲ್ಲಿ ಕಡವು ಎಂಬ ಹಳೆಯ ಮಾತಿದೆ, ದಾಟಿಸುವವನು ಅಂಬಿಗ. ಕಾವೇರಿ, ಕಬಿನಿ ಬಯಲಿನ ನಮಗೆ ಪರಿಚಯವಿರುವುದು ಬಿದಿರು ಹೆಣೆದ ದುಂಡನೆಯ ಹರಿಗೋಲು. ಶರಾವತಿ ಹಿನ್ನೀರಿನವರು ಲಾಂಚ್ ಎನ್ನುತ್ತಾರೆ. ಮಂಗಳೂರಿನಲ್ಲಿ ಫೆರಿ ಎಂಬ ಮಾತೇ ನಿಂತಿದೆ. ದೋಣಿ ಬಂದು ತಾಗುವ ಕಟ್ಟೆಗೆ ಅಲ್ಲಿ ಧಕ್ಕೆ ಎನ್ನುತ್ತಾರೆ. ದ್ವೀಪಗಳಿಗೆ ಸಾಮಾನು ಹೊರುವ ದೊಡ್ಡ ಮರದ ನಾವೆಗೆ ಮಂಜಿ ಎಂದು ಹೆಸರು. ಮಂಜಿಯ ಹಾಯಿ ಹೋಗಿ ಎಂಜಿನ್ ಬಂದರೂ ಹೆಸರು ಹಾಗೇ ಉಳಿಯಿತು.

ಬಂದರಿನ ಹಳಮೆ

ಮಂಗಳೂರು ಎರಡು ಹೊಳೆಗಳ ಮುಖದಲ್ಲಿದೆ. ತೆಂಕಣಿಂದ ನೇತ್ರಾವತಿ, ಬಡಗಣಿಂದ ಗುರುಪುರ ಹೊಳೆ. ಗುರುಪುರ ಹೊಳೆಯ ಇನ್ನೊಂದು ಹೆಸರು ಫಲ್ಗುಣಿ. ಈ ಹೊಳೆ ನೇರವಾಗಿ ಕಡಲಿಗೆ ಬೀಳುವುದಿಲ್ಲ. ಕರಾವಳಿಗೆ ಸಮನಾಗಿ, ಮರಳ ದಿಣ್ಣೆಯ ಹಿಂದೆ ಒಂದಷ್ಟು ದೂರ ತೆಂಕಕ್ಕೆ ಹರಿದು, ನೇತ್ರಾವತಿಯನ್ನು ಕೂಡಿ, ಒಂದೇ ಬಾಯಲ್ಲಿ ಸಮುದ್ರ ಸೇರುತ್ತದೆ. ಆ ಬಾಯಿಯೇ ಅಳಿವೆ ಬಾಗಿಲು. ಮರಳ ದಿಣ್ಣೆ ಅಲೆಯನ್ನು ತಡೆದು ಹೊಳೆಯ ನೀರನ್ನು ಸುಮ್ಮನಿರಿಸುತ್ತದೆ. ಬಂದರು ಹುಟ್ಟಿದ್ದೇ ಈ ಸುಮ್ಮನಿರುವ ನೀರಿನಿಂದ.

6ನೆಯ ಶತಮಾನದಲ್ಲಿ ಕಾಸ್ಮಾಸ್ ಎಂಬ ಗ್ರೀಕ್ ಬರಹಗಾರ ಮೆಣಸು ಹೊರಗೆ ಹೋಗುವ ಬಂದರುಗಳ ಪಟ್ಟಿಯಲ್ಲಿ ಮಂಗರೂತ್ ಎಂಬ ಹೆಸರು ಬರೆದ. ಅದು ಮಂಗಳೂರೇ ಎಂದು ವಿದ್ವಾಂಸರು ಒಪ್ಪುತ್ತಾರೆ. 12ನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ, 1132ರಿಂದ 1149ರ ಸುಮಾರಿನವರೆಗೆ ಇಲ್ಲಿ ನೆಲೆಸಿ, ಕಂಚಿನ ಕಾರ್ಖಾನೆ ನಡೆಸಿ, ಮೆಣಸು, ಅಡಿಕೆ, ಕಬ್ಬಿಣವನ್ನು ಏಡನ್ನಿಗೆ ಕಳಿಸುತ್ತಿದ್ದ. ಈತನ ಕಾಗದಪತ್ರಗಳು ಕೈರೋದ ಯಹೂದಿ ಮಂದಿರದ ಹಳೆ ಕಾಗದದ ಉಗ್ರಾಣದಲ್ಲಿ ಉಳಿದುಬಂದವು. ಏಡನ್ನಿಗೆ ಅವನ ಪರವಾಗಿ ಹೋಗಿ ಬರುತ್ತಿದ್ದ ಸೇವಕನೊಬ್ಬನ ಹೆಸರೂ ಅವುಗಳಲ್ಲಿದೆ. ಅಮಿತಾವ್ ಘೋಷ್ 1992ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ಈ ಸೇವಕನ ಬೆನ್ನು ಹತ್ತಿದರು. ಬಿ.ಎ. ವಿವೇಕ ರೈ ಅವರ ನೆರವಿನಿಂದ, ಅದು ತುಳುನಾಡಿನ ಬೊಮ್ಮ ಎಂಬ ಹೆಸರು ಎಂದು ಗುರುತಿಸಿದರು. ಮಂಗಳೂರಿನಿಂದ ಹಡಗು ಹತ್ತಿದ್ದು ಹೆಸರು ಸಮೇತ ದಾಖಲಾಗಿರುವ ಸಾಮಾನ್ಯ ಜನರಲ್ಲಿ ಬಹಳ ಹಳಬ ಈ ಬೊಮ್ಮ. ರಾಜನಲ್ಲ, ರಾಯಭಾರಿಯಲ್ಲ, ಧಣಿಯ ಲೆಕ್ಕ ಹೊತ್ತು ಹೋದ ಕೆಲಸಗಾರ.

14ನೆಯ ಶತಮಾನದಲ್ಲಿ ಬಂದ ಇಬ್ನ್ ಬತೂತ ಮಂಗಳೂರನ್ನು ಮಂಜರೂರ್ ಎಂದು ಕರೆದ. ಮಲಬಾರ್ ತೀರದಲ್ಲೇ ದೊಡ್ಡ ಅಳಿವೆಯ ಮೇಲಿರುವ ಊರು, ಪರ್ಷಿಯ ಮತ್ತು ಯೆಮನ್ನಿನ ವ್ಯಾಪಾರಿಗಳು ಇಳಿಯುವ ಜಾಗ, ಮೆಣಸು ಶುಂಠಿ ಹೇರಳ, ಸುಮಾರು 4,000 ಮುಸಲ್ಮಾನರಿದ್ದಾರೆ ಎಂದೆಲ್ಲ ಬರೆದಿಟ್ಟ. 1443ರಲ್ಲಿ ಪರ್ಷಿಯದ ರಾಯಭಾರಿ ಅಬ್ದುರ್ ರಜಾಕ್ ಕಲ್ಲಿಕೋಟೆಯಿಂದ ಹಡಗಿನಲ್ಲಿ ಮಂಗಳೂರಿಗೆ ಬಂದು, ಇಲ್ಲಿಂದ ನೆಲದ ದಾರಿ ಹಿಡಿದು ವಿಜಯನಗರ ಸೇರಿದ. ಘಟ್ಟದ ಮೇಲಿನ ರಾಜಧಾನಿಗಳಿಗೆ ಮಂಗಳೂರು ಬಾಗಿಲಾಗಿದ್ದು ಹೀಗೆ. ಮೊದಲು ವಿಜಯನಗರಕ್ಕೆ, ಆಮೇಲೆ ಕೆಳದಿಗೆ, ಕೊನೆಗೆ ಮೈಸೂರಿಗೆ.

ಮೂವತ್ತಾರು ವರ್ಷದ ಕಡಲು

1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದಾಗ ಕೆಳದಿಯವರ ಕರಾವಳಿಯೂ ಕೈಗೆ ಬಂತು. ಕೃಷ್ಣರಾಜಸಾಗರವೂ ಇಲ್ಲದ ಕಾಲದ ಮೈಸೂರಿಗೆ ಒಮ್ಮೆಲೇ ಸಮುದ್ರ ಸಿಕ್ಕಿತು. ಹೈದರ್ ಮಂಗಳೂರಿನಲ್ಲಿ ಹಡಗು ಕಟ್ಟಿಸತೊಡಗಿದ. 1768ರಲ್ಲಿ ಬೊಂಬಾಯಿಯಿಂದ ಬಂದ ಇಂಗ್ಲಿಷರು ಊರನ್ನೂ ಹಡಗುಗಳಲ್ಲಿ ಕೆಲವನ್ನೂ ಹಿಡಿದರು, ಹೈದರ್ ಊರನ್ನು ಮತ್ತೆ ಕಿತ್ತುಕೊಂಡ. 1783ರಲ್ಲಿ ಇಂಗ್ಲಿಷರು ಮತ್ತೊಮ್ಮೆ ಮಂಗಳೂರು ಕೋಟೆ ಹೊಕ್ಕರು. ಟಿಪ್ಪು ಅದನ್ನು ತಿಂಗಳುಗಟ್ಟಲೆ ಮುತ್ತಿ, 1784ರ ಜನವರಿಯಲ್ಲಿ ಒಳಗಿದ್ದ ಇಂಗ್ಲಿಷ್ ಸೇನಾಧಿಕಾರಿ ಕ್ಯಾಂಪ್‌ಬೆಲ್ ಶರಣಾಗುವಂತೆ ಮಾಡಿದ. ಅದೇ ವರ್ಷ ಮಾರ್ಚ್ 11ರಂದು ಆದದ್ದು ಮಂಗಳೂರು ಒಪ್ಪಂದ. ಶತ್ರು ಹಡಗುಗಳು ಗುರುಪುರ ಹೊಳೆಗೆ ನುಗ್ಗದಂತೆ ಬೋಳೂರಿನಲ್ಲಿ ಕಪ್ಪು ಕಲ್ಲಿನ ಕಾವಲು ಬುರುಜು ಎದ್ದದ್ದೂ 1784ರಲ್ಲೇ. ಅದೇ ಸುಲ್ತಾನ್ ಬತ್ತೇರಿ. ನೋಡಲು ಪುಟ್ಟ ಕೋಟೆಯಂತಿದೆ, ಗೋಡೆಯಲ್ಲಿ ಫಿರಂಗಿ ಬಾಯಿಗೆ ಕಂಡಿಗಳಿವೆ, ಅಡಿಯಲ್ಲಿ ಮದ್ದಿನ ಉಗ್ರಾಣ.

ಟಿಪ್ಪುವಿನ ಕಡಲ ಲೆಕ್ಕಾಚಾರ ಯುದ್ಧಕ್ಕೆ ನಿಲ್ಲಲಿಲ್ಲ. ಮಸ್ಕತ್ ಪಟ್ಟಣ ಮಂಗಳೂರಿನ ಅಕ್ಕಿ ತಿನ್ನುತ್ತಿತ್ತು. ಅಲ್ಲಿ ಅವನ ವ್ಯಾಪಾರದ ಕೋಠಿ ಇತ್ತು. 1786ರಲ್ಲಿ ಇಸ್ತಾಂಬುಲ್ಲಿನ ಸುಲ್ತಾನನ ಬಳಿಗೆ ಕಳಿಸಿದ ರಾಯಭಾರಿ ತಂಡ ಉತ್ತರ ಕನ್ನಡದ ತದಡಿಯಿಂದ ನಾಲ್ಕು ಹಡಗುಗಳಲ್ಲಿ ಹೊರಟಿತು. ಹೋದವರಲ್ಲಿ ಬಹುಪಾಲು ಮಂದಿ ಹಿಂದಿರುಗಲಿಲ್ಲ, ರೋಗವೂ ಕಡಲೂ ಅವರನ್ನು ನುಂಗಿದವು. 1796ರಲ್ಲಿ ಅವನು ನೌಕಾಪಡೆಗೆಂದೇ ಮಂಡಳಿ ಮಾಡಿ, 20 ದೊಡ್ಡ ಯುದ್ಧನೌಕೆ, 20 ಫ್ರಿಗೇಟ್, ಒಟ್ಟು 40 ಹಡಗು ಕಟ್ಟಲು ಅಪ್ಪಣೆ ಕೊಟ್ಟ. ಹಡಗುಕಟ್ಟೆಗಳಿಗೆ ಗುರುತಿಸಿದ ಜಾಗಗಳಲ್ಲಿ ಮಂಗಳೂರು, ಮಿರ್ಜಾನಿನ ಹತ್ತಿರದ ಒಂದು ಜಾಗ ಮತ್ತು ಕಾರವಾರದ ಸದಾಶಿವಗಡ ಇದ್ದವು. ಮೂರು ವರ್ಷದಲ್ಲಿ ಶ್ರೀರಂಗಪಟ್ಟಣ ಬಿತ್ತು, ಆ ಹಡಗುಗಳು ಕಾಗದದಲ್ಲೇ ಉಳಿದವು. ಟಿಪ್ಪುವನ್ನು ಹೊಗಳುವವರೂ ತೆಗಳುವವರೂ ಅವನ ಕುದುರೆ, ಕತ್ತಿ, ರಾಕೆಟ್ಟಿನ ಮಾತಾಡುತ್ತಾರೆ. ಈ ಹಡಗುಗಳ ಅಪ್ಪಣೆಯನ್ನು ಓದಿದವರು ಕಡಿಮೆ.

1799ರ ಹಂಚಿಕೆಯಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೆನರಾವನ್ನು, ಅಂದರೆ ಈ ಕರಾವಳಿಯನ್ನು, ತನ್ನಲ್ಲೇ ಇಟ್ಟುಕೊಂಡಿತು. ಒಡೆಯರಿಗೆ ಮರಳಿ ಬಂದ ಮೈಸೂರಿಗೆ ಕಡಲಿರಲಿಲ್ಲ. ಸಮುದ್ರ ಮತ್ತೆ ಸಿಕ್ಕಿದ್ದು 1956ರ ನವೆಂಬರ್ 1ರಂದು, ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿದಾಗ. ನಡುವೆ 157 ವರ್ಷ.

ಆಚೆ ದಡಕ್ಕೆ: ಬೆಂಗ್ರೆ, ತಣ್ಣೀರುಬಾವಿ

ಹೊಳೆಗೂ ಕಡಲಿಗೂ ನಡುವೆ ಚಾಚಿರುವ ಮರಳ ದಿಣ್ಣೆಯ ಮೇಲೆ ಕಸಬಾ ಬೆಂಗ್ರೆ, ತೋಟ ಬೆಂಗ್ರೆ ಎಂಬ ಊರುಗಳಿವೆ. ಮೀನುಗಾರಿಕೆಯೇ ಜೀವ. ಬೆಂಗ್ರೆಯ ಮನೆಯಿಂದ ಬಂದರಿನ ಅಂಗಡಿ ಕಾಣುತ್ತದೆ, ಆದರೆ ರಸ್ತೆಯಲ್ಲಿ ಬರಬೇಕಾದರೆ ತಣ್ಣೀರುಬಾವಿ ಕಡೆ ಹೋಗಿ, ಕೂಳೂರು ಸೇತುವೆ ಸುತ್ತಿ, ಊರೆಲ್ಲ ಬಳಸಿ ಬರಬೇಕು. ಹಾಗಾಗಿ ಇಲ್ಲಿ ಫೆರಿ ಎಂದರೆ ವಿಹಾರವಲ್ಲ, ಸಿಟಿ ಬಸ್ಸು. ಬೆಳಗ್ಗೆ ಮೀನಿನ ಬುಟ್ಟಿ, ಶಾಲೆಯ ಚೀಲ, ಗ್ಯಾಸ್ ಸಿಲಿಂಡರ್, ಮದುವೆಯ ನೆಂಟರು ಒಂದೇ ದೋಣಿಯಲ್ಲಿ ಬರುತ್ತಾರೆ. ತುಳು, ಬ್ಯಾರಿ, ಕನ್ನಡ ಬೆರೆತು ಕೇಳುತ್ತವೆ. ಉದಯಗಿರಿಯ ಗಲ್ಲಿಗಳ ದಖನಿ ಉರ್ದು ಕೇಳಿ ಬೆಳೆದವರಿಗೆ ಬ್ಯಾರಿ ಮಾತಿನ ಅರ್ಥ ಕೈಗೆ ಸಿಗದೆ ಜಾರುತ್ತದೆ.

ಪ್ರವಾಸಿಗಳಿಗೆ ಹೆಚ್ಚು ಗೊತ್ತಿರುವುದು ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ಹೋಗುವ ಫೆರಿ. ಬುರುಜಿನ ಬುಡದಲ್ಲೇ ಧಕ್ಕೆ. ದೋಣಿ ತುಂಬುವವರೆಗೆ ಕಾಯಬೇಕು, ದಾಟಲು ಕೆಲವು ನಿಮಿಷ ಸಾಕು. ಇಳಿದು ಸ್ವಲ್ಪ ನಡೆದರೆ ಗಾಳಿಮರಗಳ ಆಚೆ ಸಮುದ್ರ. ಇಲ್ಲಿ ಒಂದು ಸಲಹೆ: ಮೊದಲು ಬುರುಜಿನ ಮೇಲೆ ಹತ್ತಿ, ಕಂಡಿಯಲ್ಲಿ ಕಣ್ಣಿಟ್ಟು ಹೊಳೆ ನೋಡಿ. ಆಮೇಲೆ ದೋಣಿಯಲ್ಲಿ ಕೂತು ಬುರುಜನ್ನು ನೋಡಿ. ಫಿರಂಗಿಯನ್ನು ಅಲ್ಲೇ ಏಕೆ ಇಟ್ಟರು ಎಂಬುದು ಯಾವ ಫಲಕವೂ ಹೇಳದಷ್ಟು ಚೆನ್ನಾಗಿ ತಿಳಿಯುತ್ತದೆ.

ಕೊಚ್ಚಿಯಲ್ಲಿ 2023ರ ಏಪ್ರಿಲ್‌ನಲ್ಲಿ ವಾಟರ್ ಮೆಟ್ರೊ ಓಡತೊಡಗಿದ ಮೇಲೆ ಮಂಗಳೂರಿಗೂ ಅಂಥದ್ದು ಬೇಕೆಂಬ ಮಾತು ಬಲವಾಯಿತು. ನೇತ್ರಾವತಿ, ಗುರುಪುರ ಹೊಳೆಗಳನ್ನು ಬಳಸುವ ಯೋಜನೆಯನ್ನು ಕರ್ನಾಟಕ ಜಲಸಾರಿಗೆ ಮಂಡಳಿ ಕೈಗೆತ್ತಿಕೊಂಡಿದೆ. ಬರಲಿ. ಬೆಂಗ್ರೆಯ ದೋಣಿಯವರನ್ನು ಬಿಟ್ಟು ನಕ್ಷೆ ಬರೆಯದಿದ್ದರೆ ಸಾಕು.

ಅಳಿವೆ ಬಾಗಿಲು ಮತ್ತು ಮಳೆಗಾಲ

ಹಳೆ ಬಂದರಿನಿಂದ ಕಡಲಿಗೆ ಹೊರಡುವ ಯಾವ ನಾವೆಯೂ ಅಳಿವೆ ಬಾಗಿಲು ದಾಟಲೇಬೇಕು. ಹೊಳೆ ಹೊತ್ತು ತಂದ ಹೂಳೂ ಕಡಲು ದೂಡಿದ ಮರಳೂ ಸೇರಿ ಬಾಯಲ್ಲಿ ದಿಣ್ಣೆ ಕಟ್ಟುತ್ತವೆ. ಆಳ ಕಡಿಮೆ, ಅಲೆ ಅಲ್ಲೇ ಒಡೆಯುತ್ತದೆ. ತಾಂಡೇಲ, ಅಂದರೆ ನಾವೆ ನಡೆಸುವವನು, ಉಬ್ಬರದ ಹೊತ್ತು ಕಾದು ಬಾಗಿಲು ದಾಟಿಸುತ್ತಾನೆ. ಎರಡೂ ಬದಿ ಅಲೆತಡೆಗೋಡೆ ಕಟ್ಟಿ, ಆಗಾಗ ಹೂಳೆತ್ತಿದರೂ ಅಳಿವೆಯ ಹಟ ಪೂರ್ತಿ ಇಳಿದಿಲ್ಲ. ದೊಡ್ಡ ಹಡಗುಗಳಿಗೆ ಈ ಬಂದರು ಸಾಲದೆಂದೇ ಪಣಂಬೂರಿನಲ್ಲಿ ನವ ಮಂಗಳೂರು ಬಂದರು ಕಟ್ಟಿದ್ದು. 1974ರಲ್ಲಿ ಅದನ್ನು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿಸಿ, 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು. ವಿದೇಶಿ ವಿಹಾರ ಹಡಗುಗಳು ಬಂದು ನಿಲ್ಲುವುದು ಅಲ್ಲಿ. ಮಂಜಿಗಳೂ ಮೀನು ದೋಣಿಗಳೂ ಹಳೆ ಬಂದರಿನಲ್ಲೇ.

ಮುಂಗಾರು ಶುರುವಾದರೆ ಮಂಜಿಗಳು ದಡಕ್ಕೆ ಬರುತ್ತವೆ. ಮಳೆಗಾಲ ಮುಗಿಯುವವರೆಗೆ ಅವು ಕಡಲಿಗೆ ಇಳಿಯುವ ಹಾಗಿಲ್ಲ. ಬೊಮ್ಮನ ಕಾಲದಲ್ಲೂ ಹಡಗುಗಳು ಗಾಳಿಯ ತಿರುವು ನೋಡಿಯೇ ಹೊರಡುತ್ತಿದ್ದವು. ಎಂಜಿನ್ ಬಂದ ಮೇಲೂ ಈ ಪಂಚಾಂಗ ಬದಲಾಗಲಿಲ್ಲ.

ಅಮಿನಿಯ ದಾರಿ

ಮಂಗಳೂರಿನಿಂದ ನೈಋತ್ಯಕ್ಕೆ, ಆಳ ಸಮುದ್ರದಲ್ಲಿ, ಹವಳದ ದಿಬ್ಬಗಳ ಮೇಲೆ ಲಕ್ಷದ್ವೀಪವಿದೆ. 36 ದ್ವೀಪಗಳು, ಜನವಸತಿ 10ರಲ್ಲಿ, ಎಲ್ಲ ಸೇರಿದರೆ ನೆಲ 32 ಚದರ ಕಿ.ಮೀ. ಅಷ್ಟೇ. ಬಡಗಣ ಗುಂಪಿನ ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳಿಗೆ ಅಮಿನ್‌ದಿವಿ ಎಂದು ಹೆಸರು. ಈ ದ್ವೀಪಗಳು ಕಣ್ಣೂರಿನ ಅರಕ್ಕಲ್ ಮನೆತನದ ಆಳ್ವಿಕೆಯಲ್ಲಿದ್ದವು. ಅವರ ಅಧಿಕಾರಿಗಳ ಕಾಟ ತಾಳಲಾರದೆ 1780ರ ದಶಕದಲ್ಲಿ ಅಮಿನಿಯ ಕೆಲವರು ಮಂಗಳೂರಿಗೆ ಬಂದು ಟಿಪ್ಪುವಿಗೆ ದೂರು ಕೊಟ್ಟರು, ನಮ್ಮ ದ್ವೀಪಗಳನ್ನು ನೀವೇ ವಹಿಸಿಕೊಳ್ಳಿ ಎಂದರು. ಅರಕ್ಕಲ್ ಬೀಬಿಯ ಜೊತೆ ಸ್ನೇಹವಿದ್ದ ಟಿಪ್ಪು ಮಾತುಕತೆ ನಡೆಸಿ ಆ ಗುಂಪನ್ನು ಪಡೆದ. ಹೀಗೆ ನಡುಗಡಲ ಹವಳದ್ವೀಪಗಳು ಶ್ರೀರಂಗಪಟ್ಟಣದ ಆಡಳಿತಕ್ಕೆ ಬಂದವು. ಒಂದು ಅಹವಾಲಿನ ದೋಣಿ ಎರಡು ರಾಜ್ಯಗಳ ಗಡಿ ಬದಲಿಸಿತು!

1799ರ ನಂತರ ಅಮಿನ್‌ದಿವಿ ಕಂಪನಿಗೆ ಹೋಯಿತು, ಆಡಳಿತ ಮಾತ್ರ ಮಂಗಳೂರಿನಿಂದಲೇ ನಡೆಯಿತು. ದಕ್ಷಿಣ ಕನ್ನಡದ ಕಲೆಕ್ಟರರ ಕೈಕೆಳಗೆ, ದ್ವೀಪದಲ್ಲಿ ಮೊನೆಗಾರ್ ಎಂಬ ಅಧಿಕಾರಿ. ದ್ವೀಪದವರು ಓಡಂ ಎಂಬ ಹಾಯಿನಾವೆಗಳಲ್ಲಿ ತೆಂಗಿನ ನಾರಿನ ಹುರಿ, ಕೊಬ್ಬರಿ ತಂದು ಮಂಗಳೂರಲ್ಲಿ ಕೊಟ್ಟು, ಅಕ್ಕಿ ಒಯ್ಯುತ್ತಿದ್ದರು. ಮಳೆ ಹಿಡಿಯುವ ಮೊದಲು ಅಕ್ಕಿ ಮುಟ್ಟದಿದ್ದರೆ ದ್ವೀಪಕ್ಕೆ ಹಸಿವು. ಹುರಿಯನ್ನು ಸರ್ಕಾರವೇ ಕೊಳ್ಳುವ ಏಕಸ್ವಾಮ್ಯ ಇದ್ದುದರಿಂದ ಬೆಲೆಯ ಮೇಲೆ ದ್ವೀಪದವರಿಗೆ ಹಿಡಿತವಿರಲಿಲ್ಲ. 1956ರ ನವೆಂಬರ್ 1ರಂದು, ಮಂಗಳೂರು ಮೈಸೂರಿಗೆ ಬಂದ ಅದೇ ದಿನ, ಅಮಿನ್‌ದಿವಿ ಮಂಗಳೂರಿನಿಂದ ಕಳಚಿಕೊಂಡಿತು. ಎಲ್ಲ ದ್ವೀಪಗಳೂ ಸೇರಿ ಕೇಂದ್ರಾಡಳಿತ ಪ್ರದೇಶವಾಯಿತು, ಕಚೇರಿ ಮೊದಲು ಕೋಳಿಕ್ಕೋಡಿನಲ್ಲಿ, 1964ರಿಂದ ಕವರತ್ತಿಯಲ್ಲಿ. ಲಕ್ಷದ್ವೀಪ ಎಂಬ ಹೆಸರು ಬಂದದ್ದು 1973ರಲ್ಲಿ.

ಆಡಳಿತ ಹೋದರೂ ನಂಟು ಹೋಗಲಿಲ್ಲ. ಸಿಮೆಂಟು, ಕಬ್ಬಿಣ, ಜಲ್ಲಿ, ಮರಳು, ಇಟ್ಟಿಗೆ, ಅಕ್ಕಿ, ತರಕಾರಿ, ಈರುಳ್ಳಿ ಇವತ್ತಿಗೂ ಹಳೆ ಬಂದರಿನಿಂದ ಮಂಜಿಗಳಲ್ಲಿ ಹೋಗುತ್ತವೆ. ಹವಳದ ದ್ವೀಪದಲ್ಲಿ ಮನೆ ಕಟ್ಟಲು ಕಲ್ಲು ಸಿಗುವುದಿಲ್ಲ, ನಮ್ಮ ನೆಲದ ಜಲ್ಲಿಯೇ ಅಲ್ಲಿಯ ಗೋಡೆ. 2021ರಲ್ಲಿ ಲಕ್ಷದ್ವೀಪ ಆಡಳಿತ ಸರಕು ಸಾಗಣೆಯನ್ನು ಕೇರಳದ ಬೇಪೂರಿನಿಂದ ಮಂಗಳೂರಿಗೆ ತಿರುಗಿಸಲು ಹೊರಟಾಗ ದೊಡ್ಡ ವಿವಾದವೇ ಎದ್ದಿತು. ದ್ವೀಪದವರ ಭಾಷೆ, ಬಂಧು, ಆಸ್ಪತ್ರೆ, ಕಾಲೇಜು ಹೆಚ್ಚಾಗಿ ಕೇರಳದಲ್ಲಿರುವುದರಿಂದ ಅವರ ಅಳುಕಿಗೆ ಕಾರಣವಿತ್ತು. ಆದರೆ ಭೂಪಟ ನೋಡಿದರೆ ಬಡಗಣ ದ್ವೀಪಗಳಿಗೆ ಮಂಗಳೂರೇ ಹತ್ತಿರ. ಕೊಚ್ಚಿಯಿಂದ ಕಿಲ್ತಾನ್ 394 ಕಿ.ಮೀ., ಚೆತ್ಲತ್ 432 ಕಿ.ಮೀ., ಕದ್ಮತ್ ಮತ್ತು ಅಮಿನಿ 407 ಕಿ.ಮೀ. ಮಂಗಳೂರಿನಿಂದ ನೇರ ಗೆರೆ ಎಳೆದು ಅಳೆದರೆ ಕಿಲ್ತಾನ್ ಸುಮಾರು 250, ಚೆತ್ಲತ್ ಸುಮಾರು 265, ಕದ್ಮತ್ 290ರ ಆಸುಪಾಸು, ಅಮಿನಿ 300. ನೂರಕ್ಕೂ ಹೆಚ್ಚು ಕಿಲೊಮೀಟರಿನ ಉಳಿತಾಯ ಕಡಲಲ್ಲಿ ಸಣ್ಣದಲ್ಲ.

ಪ್ರಯಾಣಿಕರ ಹಡಗಿನ ಕಥೆ ಮಾತ್ರ ಉಬ್ಬರ ಇಳಿತದಂತೆ. ಅಮಿನ್‌ದಿವಿ, ಮಿನಿಕಾಯ್ ಎಂಬ ಹೆಸರಿನ ಚಿಕ್ಕ ಹಡಗುಗಳು ಹಿಂದೆ ಮಂಗಳೂರಿಗೆ ಬಂದು ಹೋಗುತ್ತಿದ್ದವು, ಆಮೇಲೆ ನಿಂತವು. 2024ರ ಮೇ ಮೊದಲ ವಾರದಲ್ಲಿ ‘ಪರಲಿ’ ಎಂಬ ವೇಗದ ಹಡಗು 160 ಪ್ರಯಾಣಿಕರೊಂದಿಗೆ ಹಳೆ ಬಂದರಿಗೆ ಬಂದು ತಾಗಿತು. ಮೊದಲು 13 ಗಂಟೆ ಹಿಡಿಯುತ್ತಿದ್ದ ದಾರಿ 7 ಗಂಟೆಗೆ ಇಳಿದಿತ್ತು. ಲಕ್ಷದ್ವೀಪದ ನಾವೆಗಳಿಗೆಂದೇ ಹಳೆ ಬಂದರಿನಲ್ಲಿ ಪ್ರತ್ಯೇಕ ಜೆಟ್ಟಿ ಕಟ್ಟುವ ಯೋಜನೆ ಕೇಂದ್ರದ ಸಾಗರಮಾಲಾ ಕಾರ್ಯಕ್ರಮದ ಅಡಿಯಲ್ಲಿದೆ. ವಾರಕ್ಕೆ ಇಂಥ ದಿನ, ಇಷ್ಟು ಹೊತ್ತಿಗೆ ಎಂದು ಬಸ್ ವೇಳಾಪಟ್ಟಿಯಷ್ಟು ನೆಚ್ಚಬಹುದಾದ ಹಡಗು ಬಂದ ದಿನ ಮಂಗಳೂರು ಮತ್ತೆ ಪ್ರಯಾಣಿಕರ ಬಂದರು ಎನಿಸಿಕೊಂಡೀತು. ಅಲ್ಲಿಯವರೆಗೆ ಅದು ಸರಕಿನ ಬಂದರು, ಮೀನಿನ ಬಂದರು.

ಪರವಾನಗಿ, ಟಿಕೆಟ್

ಲಕ್ಷದ್ವೀಪ ನಮ್ಮ ದೇಶದ್ದೇ ಆದರೂ ಸುಮ್ಮನೆ ಹಡಗು ಹತ್ತಿ ಹೋಗುವಂತಿಲ್ಲ. 1967ರ ನಿಯಮಗಳ ಪ್ರಕಾರ ಹೊರಗಿನವರಿಗೆ ಪ್ರವೇಶ ಪರವಾನಗಿ ಬೇಕು. ದ್ವೀಪಗಳು ಬಲು ಚಿಕ್ಕವು, ಕುಡಿಯುವ ನೀರು ಕಡಿಮೆ, ನಿವಾಸಿಗಳಲ್ಲಿ ಬಹುಪಾಲು ಪರಿಶಿಷ್ಟ ಪಂಗಡದವರು. ಅದಕ್ಕೆ ಈ ಕಟ್ಟು. ಅರ್ಜಿಗೆ ಗುರುತಿನ ಚೀಟಿ, ಭಾವಚಿತ್ರದ ಜೊತೆ ಪೊಲೀಸ್ ದೃಢೀಕರಣ ಬೇಕಾಗುತ್ತದೆ. ನೀವು ವಾಸವಿರುವ ಕಡೆಯ ಠಾಣೆಯೇ ವಿಚಾರಣೆ ಮಾಡುವುದರಿಂದ ಇದಕ್ಕೆ ಒಂದಷ್ಟು ವಾರ ಮೊದಲೇ ಓಡಾಡಿ. ದ್ವೀಪದ ನಿವಾಸಿಯೊಬ್ಬರ ಆಹ್ವಾನದ ಮೇಲೆ ಹೋಗಬಹುದು, ಇಲ್ಲವೇ ಲಕ್ಷದ್ವೀಪ ಆಡಳಿತದ ಪ್ರವಾಸ ಪ್ಯಾಕೇಜು ಹಿಡಿಯಬಹುದು. ಪ್ಯಾಕೇಜಿನಲ್ಲಿ ಪರವಾನಗಿಯ ಗೋಜಲು ಅವರೇ ಬಿಡಿಸುತ್ತಾರೆ. ದ್ವೀಪದಲ್ಲಿ ಇಳಿದ ಮೇಲೆ ಪರವಾನಗಿಯನ್ನು ಅಲ್ಲಿಯ ಠಾಣೆಗೆ ಒಪ್ಪಿಸಬೇಕು. ಬಂಗಾರಂ ದ್ವೀಪ ಬಿಟ್ಟರೆ ಉಳಿದೆಡೆ ಮದ್ಯ ನಿಷೇಧ.

ವರ್ಷದ ಉದ್ದಕ್ಕೂ ನೆಚ್ಚಬಹುದಾದ ಹಡಗು ಕೊಚ್ಚಿಯದ್ದು. ವಿಲಿಂಗ್ಡನ್ ದ್ವೀಪದ ಕಟ್ಟೆಯಿಂದ ಹೊರಡುವ ಹಡಗುಗಳಲ್ಲಿ ದೊಡ್ಡದು ಕವರತ್ತಿ, 700 ಜನರನ್ನು ಹೊರುತ್ತದೆ. ಕೋರಲ್ಸ್, ಲಗೂನ್ಸ್ ಹಡಗುಗಳು ತಲಾ 400. ಮೊದಲ ದರ್ಜೆಯಲ್ಲಿ ಇಬ್ಬರಿಗೊಂದು ಕೋಣೆ, ಎರಡನೆಯದರಲ್ಲಿ ನಾಲ್ವರಿಗೊಂದು, ಬಂಕ್ ದರ್ಜೆಯಲ್ಲಿ ರೈಲಿನ ಸ್ಲೀಪರ್ ಥರ ಸಾಲು ಹಾಸಿಗೆ. ದ್ವೀಪಕ್ಕೆ ತಕ್ಕಂತೆ 14ರಿಂದ 18 ಗಂಟೆಯ ಪಯಣ. ಹಲವು ದ್ವೀಪಗಳ ಸುತ್ತ ಹವಳದ ದಂಡೆ ಇರುವುದರಿಂದ ಹಡಗು ಹೊರಗೇ ನಿಲ್ಲುತ್ತದೆ. ಬದಿಯ ಬಾಗಿಲಿನಿಂದ ಚಿಕ್ಕ ದೋಣಿಗೆ ದಾಟಬೇಕು. ಹಡಗು ಒಂದು ತಾಳಕ್ಕೆ ಏಳುತ್ತದೆ, ದೋಣಿ ಇನ್ನೊಂದಕ್ಕೆ. ದೋಣಿಯವರು ಕೈ ಹಿಡಿದು ಹೇಳಿದ ಕ್ಷಣಕ್ಕೆ ಹೆಜ್ಜೆ ಇಡಬೇಕು, ಅಲ್ಲಿ ನಮ್ಮ ಬುದ್ಧಿ ಉಪಯೋಗಿಸಬಾರದು.

ಬೊಂಬಾಯಿ ಸ್ಟೀಮರ್, ಹಜ್ ಹಡಗು

ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಅದೂ ಮದ್ರಾಸಿನ ಕಡೆಯಿಂದ. ಬೊಂಬಾಯಿಗೆ ಹೋಗುವ ಕರಾವಳಿಯವರಿಗೆ ಸ್ಟೀಮರೇ ಗತಿ. ಸ್ಟೀಮರ್ ಅಳಿವೆಯ ಹೊರಗೆ ಲಂಗರು ಹಾಕುತ್ತಿತ್ತು, ಜನ ದೋಣಿಯಲ್ಲಿ ಹೋಗಿ ಹತ್ತುತ್ತಿದ್ದರು, ಮಳೆಗಾಲದಲ್ಲಿ ಅದೂ ಬಂದ್. ಹಾಸನ–ಮಂಗಳೂರು ರೈಲು 1979ರಲ್ಲಿ, ಕೊಂಕಣ ರೈಲು 1998ರಲ್ಲಿ ಬಂದವು. ಅಷ್ಟು ಹೊತ್ತಿಗೆ ಬಸ್ಸುಗಳು ಸ್ಟೀಮರನ್ನು ಮರೆಸಿದ್ದವು.

ಉದಯಗಿರಿ, ಲಷ್ಕರ್ ಮೊಹಲ್ಲಾ ಕಡೆಯ ಹಿರಿಯರ ಬಾಯಲ್ಲಿ ಹಡಗು ಎಂದರೆ ಬೇರೆಯೇ ಹಡಗು. ಹಜ್ ಯಾತ್ರೆಗೆ ಮುಂಬಯಿಯಿಂದ ಜಿದ್ದಾಕ್ಕೆ ಹೋಗುತ್ತಿದ್ದದ್ದು ಅದು. 1995ರಲ್ಲಿ ಆ ಸೇವೆ ನಿಂತು, ಯಾತ್ರೆ ಪೂರ್ತಿ ವಿಮಾನಕ್ಕೆ ಬದಲಾಯಿತು.

ಕರ್ನಾಟಕದ ಉಳಿದ ಕಡವುಗಳು

ಟಿಪ್ಪುವಿನ ರಾಯಭಾರಿಗಳು ಹೊರಟ ತದಡಿಯಿಂದ ಈಗ ಅಘನಾಶಿನಿ ಊರಿಗೆ ಹೊಳೆ ದಾಟಿಸುವ ದೋಣಿಯಿದೆ. ಉಡುಪಿ ಜಿಲ್ಲೆಯಲ್ಲಿ ಹಂಗಾರಕಟ್ಟೆ–ಕೋಡಿ ಬೆಂಗ್ರೆ ಕಡವಿದೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿ ಮಳೆಗಾಲದಲ್ಲಿ ನಿಲ್ಲುತ್ತದೆ. ಅಲ್ಲಿಯ ಕಂಬದಂಥ ಲಾವಾ ಕಲ್ಲುಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಸಾಗರ ತಾಲ್ಲೂಕಿನ ಸಿಗಂದೂರು ಲಾಂಚ್ ಕಥೆ ಬೇರೆ. ಲಿಂಗನಮಕ್ಕಿ ಅಣೆಕಟ್ಟು ಶರಾವತಿ ಕಣಿವೆಯನ್ನು ಮುಳುಗಿಸಿದಾಗ ಹಿನ್ನೀರಿನ ಆಚೆಯ ಊರುಗಳು ಕತ್ತರಿಸಿಹೋದವು. ಬಸ್ಸು, ಕಾರು, ಶವ, ಬಾಣಂತಿ ಎಲ್ಲರಿಗೂ ದಶಕಗಟ್ಟಲೆ ಲಾಂಚೇ ರಸ್ತೆ, ಕತ್ತಲಾದರೆ ಅದೂ ಇಲ್ಲ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಪ್ರವಾಸಿಗಳು ಲಾಂಚಿನ ಸೊಗಸು ಹೋಯಿತೆಂದು ಮರುಗಿದರು. ಆ ಊರಿನವರ ಮರುಕ ಅಂಥದ್ದಲ್ಲ.

ಜಾಕೆಟ್ಟಿನ ವಿಚಾರ

2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ವಿಹಾರ ದೋಣಿ ಮುಳುಗಿ 22 ಜನ ಸತ್ತರು. ಎರಡರಲ್ಲೂ ದಡ ದೂರವಿರಲಿಲ್ಲ, ಎರಡರಲ್ಲೂ ಹಿಡಿಸುವುದಕ್ಕಿಂತ ಹೆಚ್ಚು ಜನರಿದ್ದರೆಂಬುದು ಮುಖ್ಯ ಆರೋಪ. ಎಲ್ಲರೂ ಒಂದೇ ಬದಿಗೆ ಬಂದು ನಿಂತರೆ ತುಂಬಿದ ದೋಣಿ ಬೇಗ ವಾಲುತ್ತದೆ. ಫೋಟೊಗೆಂದು ಏಳುವವರು ಇದನ್ನು ನೆನಪಿಡಬೇಕು. 2021ರ ಒಳನಾಡು ಹಡಗು ಕಾಯ್ದೆ 1917ರ ಹಳೆಯದನ್ನು ತೆಗೆದುಹಾಕಿ ನೋಂದಣಿ, ತಪಾಸಣೆ, ವಿಮೆಯನ್ನು ಕಡ್ಡಾಯ ಮಾಡಿದೆ. ಕಾಯ್ದೆ ದೋಣಿಯವರೆಗೆ ಮುಟ್ಟಿದೆಯೋ ಇಲ್ಲವೋ ತಿಳಿಯುವ ಸುಲಭದ ದಾರಿ ಒಂದಿದೆ: ಹತ್ತುವ ಮೊದಲು ಲೈಫ್ ಜಾಕೆಟ್ ಕೇಳಿ. ಕೊಡದಿದ್ದರೆ ಹತ್ತಬೇಡಿ.

ಉದಯಗಿರಿಯಿಂದ ಹೊರಡುವವರಿಗೆ

ರಾತ್ರಿ ಬಸ್ಸಿನಲ್ಲಿ ಹೊರಟರೆ ಬೆಳಗ್ಗೆ ಮಂಗಳೂರು. ಘಾಟಿಯ ತಿರುವು ಆಗದವರಿಗೆ ಹಾಸನ, ಸಕಲೇಶಪುರ, ಸುಬ್ರಹ್ಮಣ್ಯ ಮಾರ್ಗದ ರೈಲಿದೆ. ಲಕ್ಷದ್ವೀಪಕ್ಕೆ ಕೊಚ್ಚಿಯಿಂದ ಹೋಗುವವರು ಸೇಲಂ, ಪಾಲಕ್ಕಾಡ್ ಬಳಸಿ ಎರ್ನಾಕುಲಂ ಕಡೆ ಹೋಗುವ ಮೈಸೂರಿನ ರೈಲು ಹಿಡಿಯಬಹುದು. ಅಕ್ಟೋಬರಿನಿಂದ ಏಪ್ರಿಲ್ ಒಳ್ಳೆಯ ಕಾಲ. ಸಂಪಾಜೆಯಲ್ಲಿ ಹೊಟ್ಟೆ ತೊಳಸುವವರಿಗೆ ಕಡಲಲ್ಲೂ ತೊಳಸುತ್ತದೆ, ಡೆಕ್ಕಿನ ಮೇಲೆ ಗಾಳಿಗೆ ನಿಂತು ದಿಗಂತ ನೋಡಿದರೆ ಕೊಂಚ ಹಗುರ.

ಒಂದೇ ದಿನವಿದ್ದರೆ ಬೆಳಗ್ಗೆ ಬಂದರಿನ ಧಕ್ಕೆಯಲ್ಲಿ ಮಂಜಿಗೆ ಈರುಳ್ಳಿ ಮೂಟೆ ತುಂಬುವುದನ್ನು ನೋಡಿ, ಜೀನತ್ ಬಕ್ಷ್ ಮಸೀದಿಯ ಮರದ ಕಂಬಗಳನ್ನು ನೋಡಿ, ಸಂಜೆ ಸುಲ್ತಾನ್ ಬತ್ತೇರಿಯಿಂದ ಹೊಳೆ ದಾಟಿ. ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ಹೋಗುವಾಗಲೇ ಕೇಳಿಕೊಳ್ಳಿ. ತಪ್ಪಿದರೆ ಕೂಳೂರು ಸುತ್ತಿಯೇ ಬರಬೇಕು.